ನಾಯಿಗೆ ಹುಷಾರಿಲ್ವಾ? ಮನೇನೂ ಒಂದ್ಸಲ ನೋಡ್ಕೊಳ್ಳಿ

ಮೂಡಿಗೆರೆ ಕಡೆ ನಾಯಿ ಇಲ್ದಿರೋ ತೋಟದ ಮನೆ ಸಿಗೋದೇ ಕಷ್ಟ. ನಾವು ಕುಡಿಯೋ ನೀರನ್ನೇ ಅದೂ ಕುಡಿಯುತ್ತೆ, ಸ್ಪ್ರೇ ಹೊಡೆದ ಕಾಫಿ ಗಿಡದ ಬುಡದಲ್ಲಿ ನುಸುಳಿ ಬಂದು ಜಗಲೀಲಿ ಕೂತು ಕಾಲು ನೆಕ್ಕುತ್ತೆ, ಅಂಬೆಗಾಲಿಡೋ ಮಗು ಅದೇ ಜಗಲೀಲಿ ಆಡಿ ಅದೇ ಕೈಯನ್ನ ಬಾಯಿಗೆ ಇಟ್ಕೊಳುತ್ತೆ. ಅದಕ್ಕೇ ನಾಯೀನ ಗಮನಿಸಿ ಅನ್ನೋದು. ಜಪಾನಿನ ಮಿನಮಾಟಾದಲ್ಲಿ 1950ರ ದಶಕದಲ್ಲಿ ಬೆಕ್ಕುಗಳು ಕುಣಿದಂಗೆ ಒದ್ದಾಡಿ ಸತ್ತಿದ್ವು, ಫ್ಯಾಕ್ಟರಿ ನೀರಿನ ಪಾದರಸ ಮೀನಿಗೆ ಸೇರಿತ್ತು, ಆ ಮೀನು ತಿಂದ ಜನಕ್ಕೂ ಅದೇ ಗತಿ ಬಂತು.

ಮೊದಲು ಗೋಡೆ ಕ್ಯಾಲೆಂಡರ್ ತಗೊಳ್ಳಿ. ಯಾವತ್ತು, ಯಾವ ಕಡೆ, ಏನ್ ಹೊಡೆದ್ರಿ ಅಂತ ಬರೀರಿ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಆದ್ರೂ ಸರಿ, ಹುಲ್ಲು ಸಾಯಿಸೋ ಔಷಧಿ ಆದ್ರೂ ಸರಿ. ನಾಯಿ ಊಟ ಬಿಟ್ಟಿದ್ದು, ವಾಂತಿ ಮಾಡಿದ್ದು ಎಲ್ಲಾ ಅಲ್ಲೇ. ಚೆನ್ನಾಗಿರೋವಾಗ ಹೆಂಗಿತ್ತು ಅಂತ ಗೊತ್ತಿದ್ರೇ ಕೆಟ್ಟಿದ್ದು ಗೊತ್ತಾಗೋದು.

ಜೊಲ್ಲು ಸುರೀತಿದೆ, ಮೈ ನಡುಗ್ತಿದೆ, ಕಣ್ಣಿನ ಪಾಪೆ ಸಾಸಿವೆ ಕಾಳಷ್ಟಾಗಿದೆ ಅಂದ್ರೆ ಕ್ಲೋರ್‌ಪೈರಿಫಾಸ್ ಥರದ ಹುಳದ ಔಷಧಿ ಇರಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋಗ್ಬೇಡಿ. ಮೈಗೆ ತಾಗಿದ್ರೆ ಗ್ಲೌಸ್ ಹಾಕ್ಕೊಂಡು ಸೋಪಲ್ಲಿ ತೊಳೆದು, ಔಷಧಿ ಬಾಟಲಿ ಲೇಬಲ್ಲಿನ ಫೋಟೋ ಹೊಡ್ಕೊಂಡು ಸೀದಾ ಪಶು ಆಸ್ಪತ್ರೆಗೆ ಹೋಗಿ.

ನಮ್ಮ ಕರಿಯನಿಗೆ ಹೀಗೇ ಆದಾಗ ಡಾಕ್ಟ್ರು ಮೊದಲು ಕೇಳಿದ್ದು "ತೋಟಕ್ಕೆ ಏನ್ ಹೊಡೆದ್ರಿ?" ಅಂತ. ಎರಡನೇದು, "ಇದು ನೀರು ಕುಡಿಯೋದು ಯಾವುದರಲ್ಲಿ?" ಔಷಧಿಯ ಖಾಲಿ ಕ್ಯಾನ್ ಅರ್ಧ ಕೊಯ್ದು ನಾನೇ ಇಟ್ಟಿದ್ದೆ, ಮೂರ್ ಸಲ ತೊಳೆದಿದ್ದೆ ಅನ್ನೋ ಧೈರ್ಯ ಬೇರೆ.

ಒಂದು ನಾಯಿ ಮಲಗಿದ ತಕ್ಷಣ ತೋಟದ ಔಷಧೀನೇ ಅಂತ ಹೆದರ್ಕೋಬೇಡಿ, ಇಲಿ ಪಾಷಾಣ ತಿಂದಿರಬಹುದು, ಡಿಸ್ಟೆಂಪರ್ ಅನ್ನೋ ನಾಯಿಗಳ ವೈರಸ್ ಕಾಯಿಲೆ ಇರಬಹುದು. ಪಕ್ಕದ ಮನೆ ಬೆಕ್ಕಿಗೂ ಆಯ್ತು, ಸ್ಪ್ರೇ ಹೊಡೆದವ್ರಿಗೂ ತಲೆನೋವು ಅಂದ್ರೆ ಆಗ ಯೋಚ್ನೆ ಮಾಡಿ, ಅವ್ರನ್ನ ಡಾಕ್ಟ್ರಿಗೆ ತೋರಿಸಿ. ಬಾವಿ ನೀರು ಟೆಸ್ಟಿಗೆ ಕೊಡೋವಾಗ ಕೀಟನಾಶಕ ನೋಡಿ ಅಂತ ಬಾಯ್ಬಿಟ್ಟು ಕೇಳಿ, ಮಾಮೂಲಿ ಟೆಸ್ಟಲ್ಲಿ ಅದು ಬರಲ್ಲ. ಅಮೆರಿಕಾದಲ್ಲಿ ನಾಯಿಗೂ ಯಜಮಾನನಿಗೂ ಸಿಲಿಕೋನ್ ಪಟ್ಟಿ ಕಟ್ಟಿ ಯಾವ ಕೆಮಿಕಲ್ ಅಂಟಿದೆ ಅಂತ ನೋಡಿದಾರೆ, ನಮಗೆ ಸದ್ಯಕ್ಕೆ ಕ್ಯಾಲೆಂಡರೇ ಗತಿ.

ಇನ್ನು ಉಣುಗು. ಚಳಿಗಾಲದಿಂದ ಮಳೆ ಹಿಡಿಯೋವರೆಗೂ ಸಂಜೆ ಕಿವಿ ಹಿಂದೆ, ಬೆರಳ ಸಂದಿ ಹುಡುಕಿ. ಕಾಡಿಗೆ ಹೋಗಿ ಬಂದ ನಾಯೀಲಿ ಜಾಸ್ತಿ ಕಂಡ್ರೆ ನಿಮ್ಮ ಮೈನೂ ನೋಡ್ಕೊಳ್ಳಿ, ಕೊಪ್ಪ, ಎನ್.ಆರ್.ಪುರ ಕಡೆಯವ್ರಿಗೆ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಹೊಸದಲ್ಲ. ಸತ್ತ ಮಂಗ ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ.

ಅಂದ ಹಾಗೆ ಆ ಕ್ಯಾನಿನ ಇನ್ನರ್ಧ ನಮ್ಮ ಬಚ್ಚಲಲ್ಲಿತ್ತು, ಮಕ್ಕಳಿಗೆ ಸ್ನಾನಕ್ಕೆ ನೀರು ಹುಯ್ತಿದ್ದಿದ್ದೇ ಅದರಲ್ಲಿ.