ಬೆಳಕು ಮೊದಲು ಚಾವಣಿಗೆ ಬೀಳಲಿ

ನಮ್ಮ ಯಜಮಾನರಿಗೆ ಕಣ್ಣಿನ ಪೊರೆ ಬೆಳೆಯತೊಡಗಿದಾಗ, ಪತ್ರಿಕೆ ಓದಲು ಬೆಳಕು ಸಾಲುತ್ತಿಲ್ಲವೆಂದು ಹಜಾರದ ನಡುವೆ 20 ವ್ಯಾಟಿನ ಎಲ್‌ಇಡಿ ಬಲ್ಬ್ ಇಳಿಬಿಟ್ಟೆವು. ಓದುವುದೇನೂ ಸುಲಭವಾಗಲಿಲ್ಲ. ಕಣ್ಣು ಕುಕ್ಕುತ್ತದೆಂದು ಹಣೆಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದರು. ಪೊರೆ ಬಂದ ಕಣ್ಣಿನೊಳಗೆ ಬೆಳಕು ಚದುರುತ್ತದೆ. ಬರಿಯ ಬಲ್ಬ್ ಎದುರಿಗಿದ್ದರೆ ಸುತ್ತಲಿನದೆಲ್ಲ ಮಸುಕಾಗುತ್ತದೆ.

ಆ ಬಲ್ಬನ್ನು ತೆಗೆಸಿದೆ. ಅದರ ಬದಲು 9 ವ್ಯಾಟಿನ ಎರಡು ಬಲ್ಬ್‌ಗಳನ್ನು ಎದುರುಬದುರು ಗೋಡೆಗಳಲ್ಲಿ, ನಿಂತವರ ತಲೆಗಿಂತ ಎತ್ತರದಲ್ಲಿ, ಮೇಲ್ಮುಖ ಮಾಡಿ ಹಾಕಿಸಿದೆ. ಈಗ ಬೆಳಕು ಚಾವಣಿಗೆ ಬಡಿದು ಕೋಣೆಯ ತುಂಬ ಹರಡಿ ಇಳಿಯುತ್ತದೆ. ಬಲ್ಬ್ ನಿಂಬೆಹಣ್ಣಿನಷ್ಟು ಚಿಕ್ಕದು, ಆದ್ದರಿಂದ ಅದರ ಬೆಳಕಿಗೆ ವಸ್ತುಗಳ ನೆರಳು ಗೆರೆ ಕೊರೆದಂತೆ ಬೀಳುತ್ತದೆ. ಚಾವಣಿಯೇ ದೀಪವಾದರೆ ನೆರಳಿನ ಅಂಚು ಕರಗಿಹೋಗುತ್ತದೆ.

ಇದಕ್ಕೆ ಚಾವಣಿ ಬೆಳ್ಳಗಿರಲೇಬೇಕು. ಹಬ್ಬಕ್ಕೆ ಮೊದಲು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದ ನನ್ನ ಅತ್ತೆಯವರ ಮನೆಯಲ್ಲಿ ಒಂದೇ ದೀಪ ಎರಡು ಕೋಣೆಗೆ ಸಾಕಾಗುತ್ತಿತ್ತು. ಈಗ ಬಣ್ಣ ಹೊಡೆಸುವವರು ಹೊಳಪಿಲ್ಲದ ಬಿಳಿಯನ್ನೇ ಕೇಳಿ. ಹೊಳೆಯುವ ಬಣ್ಣದಲ್ಲಿ ಬಲ್ಬಿನ ಪ್ರತಿಬಿಂಬ ಮೂಡಿ ಮತ್ತೆ ಕಣ್ಣಿಗೇ ಚುಚ್ಚುತ್ತದೆ. ನೆಲ ಕೆಂಪು ಗಾರೆಯದಾದರೆ ಅದು ಬೆಳಕನ್ನು ನುಂಗುತ್ತದೆ. ಅಂಥ ಮನೆಯಲ್ಲಿ ಗೋಡೆಯನ್ನಾದರೂ ತಿಳಿಬಣ್ಣದಲ್ಲಿ ಇರಿಸಿಕೊಳ್ಳಿ.

ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಲೆಕ್ಕ ಅಚ್ಚಾಗಿರುತ್ತದೆ. 6500 ಎಂದರೆ ನೀಲಿ ಬೆರೆತ ಬಿಳಿ, 2700ರಿಂದ 3000 ಎಂದರೆ ಹಳೆಯ ತಂತಿ ಬಲ್ಬಿನ ಹೊಂಬಣ್ಣ. ಸಂಜೆ ಕೂತು ಮಾತಾಡುವ, ಮಲಗುವ ಕೋಣೆಗಳಿಗೆ ಹೊಂಬಣ್ಣವೇ ಹಿತ. ಒಂದೇ ಕೋಣೆಯಲ್ಲಿ ಎರಡನ್ನೂ ಬೆರೆಸಬೇಡಿ. ಒಂದು ಗೋಡೆ ಹಳದಿ, ಇನ್ನೊಂದು ನೀಲಿಯಾಗಿ ಕೋಣೆ ಒಡೆದು ಕಾಣುತ್ತದೆ.

ಅಡುಗೆಮನೆಯಲ್ಲಿ ದೀಪ ಬೆನ್ನ ಹಿಂದಿದ್ದರೆ ಹೆಚ್ಚುವ ತರಕಾರಿಯ ಮೇಲೆ ನಮ್ಮದೇ ನೆರಳು ಕೂರುತ್ತದೆ. ಕಟ್ಟೆಯ ಮೇಲಿನ ಕಪಾಟಿನ ಅಡಿಗೆ, ಮುಂಅಂಚಿನ ಹತ್ತಿರ, ಉದ್ದನೆಯ ಪಟ್ಟಿದೀಪ ಹಾಕಿಸಿ. ದೇವರ ಕೋಣೆಗೆ ಮಾತ್ರ ನಾನು ಜೋರು ದೀಪ ಹಾಕಗೊಡುವುದಿಲ್ಲ. ನಂದಾದೀಪ ಅಲ್ಲಿ ಕಾಣಬೇಕು.

ಹಗಲಿನ ಬೆಳಕಿಗೂ ಇದೇ ಉಪಾಯ. ಪಡುವಣ ಕಿಟಕಿಯಿಂದ ಇಳಿಬಿಸಿಲು ನೇರ ನುಗ್ಗುತ್ತಿದ್ದರೆ ಹಳೆಯ ತೆಳು ಬಿಳಿ ಪಂಚೆಯೊಂದನ್ನು ಪರದೆ ಮಾಡಿ ಕಟ್ಟಿ. ಬಟ್ಟೆಯೆಲ್ಲ ಬೆಳಗಿ ಕೋಣೆಗೆ ಹಾಲಿನಂಥ ಬೆಳಕು ಬರುತ್ತದೆ. ಆದರೆ ಉರಿಯುವ ಬಲ್ಬಿಗೆ ಬಟ್ಟೆ, ಕಾಗದ ಸುತ್ತುವುದು ಬೇಡವೇ ಬೇಡ. ಬೆಂಕಿಯ ಭಯವಿದೆ, ಎಲ್‌ಇಡಿಯೂ ಶಾಖ ಹೊರಹೋಗದೆ ಬೇಗ ಕೆಡುತ್ತದೆ.

ಹರಡಿದ ಬೆಳಕಿನಲ್ಲಿ ಕೋಣೆ ಹಿತವಾದರೂ ಸಣ್ಣ ಅಕ್ಷರಕ್ಕೆ ಅದು ಸಾಲದು. ಅದಕ್ಕೆಂದು ಯಜಮಾನರ ಕುರ್ಚಿಯ ಹಿಂದೆ, ಎಡಭುಜದ ಮೇಲಿನಿಂದ ಬೆಳಕು ಬರುವಂತೆ, ಶೇಡ್ ಇರುವ ಒಂದು ದೀಪ ಇಟ್ಟಿದ್ದೇನೆ. ಬಲಗೈಯಲ್ಲಿ ಪದಬಂಧ ತುಂಬುವಾಗ ಮನೆಗಳ ಮೇಲೆ ಕೈಯ ನೆರಳು ಬೀಳುವುದಿಲ್ಲ.