ಟೆಕ್ಸಾಸ್‌ನಲ್ಲಿ ಪಿಸ್ತೂಲ್ ಕೊಂಡ ಕಥೆ: ನನ್ನ ಅನುಭವ

ಡಲ್ಲಾಸ್ ಕಡೆಯ ನಮ್ಮ ಹುಡುಗರು ಯಾರಾದರೂ "ಪಿಸ್ತೂಲ್ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ಅಂತ ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮದು ಯಾವ ವೀಸಾ ಅಂತ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದಕ್ಕೂ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅದೂ ಒಂದು ವಿನಾಯಿತಿ. ಆ ದಾರಿಯಲ್ಲಿ ಕೊಂಡವರೂ ಇದ್ದಾರೆ. ನನಗೆ ಆ ತಾಪತ್ರಯ ಬೇಡ ಅನ್ನಿಸಿತು. ಒಂದು ಚಿಕ್ಕ ಎಡವಟ್ಟಾದರೂ ಗ್ರೀನ್ ಕಾರ್ಡ್ ಅರ್ಜಿಗೇ ಕುತ್ತು. ಸುಮ್ನೆ ಕಾದೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಈ ವಿಷಯದಲ್ಲಿ ನಾವೂ ಇಲ್ಲಿನ ನಾಗರಿಕರೂ ಹೆಚ್ಚುಕಮ್ಮಿ ಒಂದೇ.

ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲಿ ತೋಟದ ಕೋವಿ ಇತ್ತು. ಹಂದಿ, ಮಂಗ ಓಡಿಸಲಿಕ್ಕೆ. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು, ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಕೋವಿ ಗೊತ್ತಿತ್ತೇ ಹೊರತು ಪಿಸ್ತೂಲನ್ನು ನೋಡಿದ್ದು ಇನ್‌ಸ್ಪೆಕ್ಟರ ಸೊಂಟದಲ್ಲಿ ಮಾತ್ರ. ಇಲ್ಲಿ ಅಂಗಡಿಗಳಲ್ಲಿ ಗೋಡೆ ತುಂಬ ಇರುವ 9 ಎಂಎಂ ಪಿಸ್ತೂಲ್ ನಮ್ಮಲ್ಲಿ ಜನಸಾಮಾನ್ಯರಿಗೆ ನಿಷೇಧಿತ ಬೋರು, ಅಂದರೆ ಆ ಅಳತೆಯ ನಳಿಕೆಯದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಫೋನಿನಲ್ಲಿ ಅಪ್ಪಯ್ಯನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಲೈಸೆನ್ಸ್ ಯಾರು ಕೊಡ್ತಾರೆ, ಡಿಸಿನಾ?" ಟೆಕ್ಸಾಸ್‌ನಲ್ಲಿ ಕೊಳ್ಳುವುದಕ್ಕೆ ಲೈಸೆನ್ಸೇ ಬೇಡ ಅಂದಾಗ ಅವರು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ ಅಂತ ನನ್ನ ಅನುಮಾನ.

ಅಂಗಡಿಗೆ ಹೋಗುವ ಮೊದಲು ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ಜಾಗದಲ್ಲಿ, ಬಾಡಿಗೆಗೆ ತಗೊಂಡು ಹೊಡೆದು ನೋಡಿ. ಒಳಾಂಗಣ ರೇಂಜುಗಳು ಬಹಳ ಇವೆ. ಒಂದು ಬಾಡಿಗೆ ಕಟ್ಟಿದರೆ ಅವರಲ್ಲಿರುವ ಪಿಸ್ತೂಲುಗಳನ್ನು ಬದಲಾಯಿಸಿ ಬದಲಾಯಿಸಿ ಹೊಡೆಯಲು ಬಿಡುವ ಕಡೆಗಳೂ ಇವೆ. ಗುಂಡು ಮಾತ್ರ ಅವರಲ್ಲೇ ಕೊಳ್ಳಬೇಕು. ಒಂದು ವಿಷಯ ಗೊತ್ತಿರಲಿ. ಮೊದಲ ಸಲ ಒಬ್ಬರೇ ಹೋದರೆ ಎಷ್ಟೋ ರೇಂಜಿನವರು ಬಾಡಿಗೆಗೆ ಕೊಡುವುದಿಲ್ಲ. ಜೊತೆಗೆ ಇನ್ನೊಬ್ಬರು ಇರಬೇಕು, ಇಲ್ಲವೇ ನಿಮ್ಮದೇ ಬಂದೂಕು ತಂದಿರಬೇಕು. ಬಾಡಿಗೆ ಪಿಸ್ತೂಲಿನಿಂದ ಜೀವ ಕಳೆದುಕೊಂಡವರು ಇದ್ದಾರೆ, ಅದಕ್ಕೇ ಈ ನಿಯಮ. ನಾನು ಆಫೀಸಿನ ಒಬ್ಬ ಹಿರಿಯರ ಜೊತೆ ಹೋದೆ. ಅವರು ಬೇಟೆಗಾರರು, ಮಾತು ಕಮ್ಮಿ, ಬೆರಳು ಟ್ರಿಗರಿನ ಮೇಲೆ ಹೊತ್ತಿಲ್ಲದ ಹೊತ್ತಲ್ಲಿ ಹೋದರೆ ಮಾತ್ರ ಬಾಯಿ ಬಿಡುವವರು. ಅಂಥವರೇ ಬೇಕು.

ಅಪ್ಪಯ್ಯ ಸಂತೆಯಲ್ಲಿ ಕತ್ತಿ ಕೊಳ್ಳುವಾಗ ಅಲಗಿಗಿಂತ ಮೊದಲು ಹಿಡಿ ನೋಡುತ್ತಿದ್ದರು. ಪಿಸ್ತೂಲೂ ಹಾಗೇ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು ಹಿಡಿಯ ಹಿಂಭಾಗದಲ್ಲಿ ಎಷ್ಟು ಮೇಲಕ್ಕೆ ಹೋಗಿ ಕೂರುತ್ತದೆ ನೋಡಿ. ಆಗ ನಳಿಕೆ ಮುಂಗೈಯ ನೇರಕ್ಕೆ ಬರಬೇಕು. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿನ ಮೇಲೆ ಸಲೀಸಾಗಿ ಕೂರಬೇಕು. ಬೆರಳು ಎಟುಕಿಸಲು ಹಿಡಿತವನ್ನೇ ತಿರುಗಿಸಬೇಕಾಗಿ ಬಂದರೆ ಆ ಪಿಸ್ತೂಲ್ ನಿಮ್ಮದಲ್ಲ. ನನ್ನ ಅಂಗೈ ಚಿಕ್ಕದು. ಗ್ಲಾಕ್ 17 ಎಲ್ಲರೂ ಹೊಗಳುವ ಪಿಸ್ತೂಲ್, ಕೆಡುವುದು ಕಮ್ಮಿ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತವೆ. ನನಗೆ ಅದರ ಹಿಡಿ ದಪ್ಪ ಅನ್ನಿಸಿತು. ಸಿಝಡ್ ಶ್ಯಾಡೋ 2 ಹಿಡಿದಾಗ ಕೈಯೇ ಹೇಳಿತು ಇದು ಅಂತ. ಬೆಲೆ ಚೀಟಿ ನೋಡಿ ಕೈಯೇ ವಾಪಸ್ ಇಟ್ಟಿತು. ಸಾವಿರ ಡಾಲರಿಗೂ ಮೇಲೆ.

ತೂಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸಬರೆಲ್ಲ ಎಡವುವುದು ಇಲ್ಲೇ. ಕೌಂಟರಿನಲ್ಲಿ ನಿಂತ ಹುಡುಗ ನನ್ನ ಕೈ ನೋಡಿದವನೇ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟ ಪಿಸ್ತೂಲ್ ತೆಗೆದು ಇಟ್ಟ. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲ್, ಕೇಳಲಿಕ್ಕೆ ಸರಿಯೇ. ಆದರೆ ಅದು ಬಟ್ಟೆಯೊಳಗೆ ಬಚ್ಚಿಟ್ಟು ಓಡಾಡುವವರಿಗೆ ಮಾಡಿದ್ದು. ಗುಂಡು ಅದೇ 9 ಎಂಎಂ, ಅದನ್ನು ತಡೆದುಕೊಳ್ಳುವ ಲೋಹ ಮಾತ್ರ ಅರ್ಧ. ಒದೆತ ಪೂರ್ತಿ ನಿಮ್ಮ ಮಣಿಕಟ್ಟಿಗೆ. ಗ್ಲಾಕ್ 17, ಗುಂಡು ತುಂಬುವ ಮ್ಯಾಗಜೀನ್ ಖಾಲಿ ಇದ್ದಾಗ ಅದೂ ಸೇರಿ, 700 ಗ್ರಾಂ ಆಸುಪಾಸು. ಶ್ಯಾಡೋ 2 ಪೂರ್ತಿ ಉಕ್ಕು, 1.3 ಕೆ.ಜಿ. ಒಂದೇ ಪೆಟ್ಟಿಗೆಯ ಗುಂಡನ್ನು ಎರಡರಲ್ಲೂ ಹೊಡೆದರೆ ಬೇರೆ ಬೇರೆ ಗುಂಡು ಅನ್ನಿಸುತ್ತದೆ. ಮಜಾಕ್ಕೆ, ಗುರಿ ಹೊಡೆಯಲಿಕ್ಕೆ ಕೊಳ್ಳುವವರಿಗೆ ಪಿಸ್ತೂಲ್ ಭಾರ ಇದ್ದಷ್ಟೂ ಸುಖ, ನಳಿಕೆ ಉದ್ದ ಇದ್ದಷ್ಟೂ ಸುಖ.

ಆ ಹಿರಿಯರು ಒಂದು ಪರೀಕ್ಷೆ ಮಾಡಿಸಿದರು. ಮ್ಯಾಗಜೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಒಂದೆರಡು ಪ್ಲಾಸ್ಟಿಕ್ ಡಮ್ಮಿ ಗುಂಡು ಸೇರಿಸಿ ತುಂಬಿಕೊಟ್ಟರು. ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಢಂ, ಢಂ, ಆಮೇಲೆ ಬರೀ ಟಿಕ್. ಆ ಟಿಕ್ ಆದಾಗ ಪಿಸ್ತೂಲಿನ ಮೂತಿ ನೆಲದ ಕಡೆಗೆ ಧಡಕ್ಕನೆ ಬಗ್ಗಿತು. ಒದೆತವೇ ಇರಲಿಲ್ಲ, ಬಗ್ಗಿಸಿದ್ದು ನಾನೇ. ಸದ್ದಿಗೆ ಹೆದರಿ ಮೈ ಮೊದಲೇ ತಯಾರಾಗಿಬಿಡುತ್ತದೆ. 9 ಎಂಎಂನಲ್ಲೇ ಕಲಿಯಲು ಶುರು ಮಾಡಿದರೆ ಈ ಅಭ್ಯಾಸ ಅಂಟಿಕೊಂಡು ಬಿಡುತ್ತದೆ, .22ರಲ್ಲಿ (ಅದಕ್ಕಿಂತ ಚಿಕ್ಕ, ಒದೆತ ಕಮ್ಮಿಯ ಗುಂಡು) ಆ ಕಾಟ ಕಮ್ಮಿ ಅಂದರು. ನನ್ನ ಆಯ್ಕೆ ಅಲ್ಲಿಗೇ ಅರ್ಧ ಮುಗಿಯಿತು.

ಉಳಿದರ್ಧ ದುಡ್ಡಿನ ಲೆಕ್ಕ. .22 ಗುಂಡು ಒಂದಕ್ಕೆ 10 ಸೆಂಟಿನೊಳಗೆ ಸಿಗುತ್ತದೆ, 9 ಎಂಎಂ ಅದರ ಎರಡು ಮೂರು ಪಟ್ಟು. 2020-21ರಲ್ಲಿ 9 ಎಂಎಂ ಬೆಲೆ ಆಕಾಶಕ್ಕೆ ಹೋಗಿ, ಎಷ್ಟೋ ಅಂಗಡಿಗಳಲ್ಲಿ ಕಪಾಟೇ ಖಾಲಿ ಇತ್ತು. ಪಿಸ್ತೂಲಿಗೆ ಒಂದು ಸಲ ದುಡ್ಡು ಕೊಡುತ್ತೀರಿ. ಗುಂಡಿಗೆ ಕೊಡುತ್ತಲೇ ಇರುತ್ತೀರಿ. ದುಬಾರಿ ಪಿಸ್ತೂಲ್ ಕೊಂಡು ಬೀರುವಿನಲ್ಲಿಟ್ಟವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

.22ರಲ್ಲಿ ನನ್ನ ಮುಂದೆ ಮೂರು ಇದ್ದವು. ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್ ವಿಕ್ಟರಿ. ಮೂರೂ ಚೆನ್ನಾಗಿ ಹೊಡೆಯುತ್ತವೆ, ನಮ್ಮಂಥವರಿಗಿಂತ ಚೆನ್ನಾಗಿಯೇ. ಬಕ್ ಮಾರ್ಕಿನ ಟ್ರಿಗರ್ ಬೆಣ್ಣೆ, ಆದರೆ ಪೂರ್ತಿ ಬಿಚ್ಚಲು ಸ್ಕ್ರೂ ತಿರುಗಿಸಬೇಕು. ರೂಗರ್ ಕಂಪನಿ ಶುರುವಾದದ್ದೇ 1949ರ .22 ಪಿಸ್ತೂಲಿನಿಂದ. ಆ ವಂಶದ್ದೇ ಮಾರ್ಕ್ 4. ಹಳೆಯ ಮಾರ್ಕ್ 2, ಮಾರ್ಕ್ 3 ಬಿಚ್ಚಿದವರು ವಾಪಸ್ ಜೋಡಿಸಲಾಗದೆ ಕೂತು ಬೈಯುವುದು ಇಲ್ಲಿ ದೊಡ್ಡ ಜೋಕು. 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಹಿಂದೆ ಒಂದು ಗುಂಡಿ ಇದೆ. ಒತ್ತಿದರೆ ಮೇಲ್ಭಾಗ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. .22 ಗುಂಡು ಬಹಳ ಮಸಿ ಬಿಡುತ್ತದೆ, ಹಾಗಾಗಿ ಒರೆಸುವುದು ಸಲೀಸಾದರೆ ಒರೆಸುತ್ತೇವೆ, ಇಲ್ಲಾಂದ್ರೆ ಇಲ್ಲ. ಅದನ್ನೇ ತಗೊಂಡೆ, 500 ಡಾಲರ್ ಆಸುಪಾಸು, ಮೇಲೆ ಶೇ. 8.25 ತೆರಿಗೆ. ಸೆಕೆಂಡ್ ಹ್ಯಾಂಡ್ ಮಾರ್ಕ್ 4 ನೋಡುವವರು ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. 2017ರ ಜೂನ್‌ಗೆ ಮೊದಲು ತಯಾರಾದವನ್ನು ಸೇಫ್ಟಿಯ (ಗುಂಡು ಹಾರದಂತೆ ತಡೆಯುವ ಕೀಲಿಯ) ದೋಷಕ್ಕಾಗಿ ಕಂಪನಿ ವಾಪಸ್ ಕರೆಸಿಕೊಂಡಿತ್ತು. ಸೇಫ್ಟಿ ಮೇಲೂ ಅಲ್ಲದೆ ಕೆಳಗೂ ಅಲ್ಲದೆ ನಡುವೆ ನಿಂತಾಗ ಟ್ರಿಗರ್ ಒತ್ತಿ, ಆಮೇಲೆ ಸೇಫ್ಟಿ ಸರಿಸಿದರೆ ಗುಂಡು ಹಾರುವ ಸಾಧ್ಯತೆ ಇತ್ತು. ರಿಪೇರಿ ಆಗಿದೆಯಾ ಅಂತ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಇನ್ನು ಕಾಗದ ಪತ್ರ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಪಿಸ್ತೂಲ್ ಕೊಳ್ಳಲು 21 ವರ್ಷ ಆಗಿರಬೇಕು, ನಿಮ್ಮದೇ ರಾಜ್ಯದಲ್ಲಿ ಕೊಳ್ಳಬೇಕು. ಪಕ್ಕದ ಒಕ್ಲಹೋಮದಲ್ಲಿ ಅಗ್ಗಕ್ಕೆ ಸಿಕ್ಕಿದರೂ ಅವರು ಅದನ್ನು ಟೆಕ್ಸಾಸ್‌ನ ಅಂಗಡಿಗೆ ಕಳಿಸಿ, ನೀವು ಇಲ್ಲಿಂದಲೇ ಪಡೆಯಬೇಕು. ಫಾರಂ 4473 ಅಂತ ಒಂದಿದೆ, ಅಂಗಡಿಯಲ್ಲಿ ಕೊಳ್ಳುವವರು ತುಂಬಬೇಕಾದ ಫೆಡರಲ್ ಅರ್ಜಿ. ಡ್ರೈವಿಂಗ್ ಲೈಸೆನ್ಸಿನಲ್ಲಿ ಈಗಿನ ಮನೆಯ ವಿಳಾಸವೇ ಇರಬೇಕು. ಮನೆ ಬದಲಾಯಿಸಿ ಲೈಸೆನ್ಸ್ ಬದಲಾಯಿಸದವರು ಕಾರಿನ ನೋಂದಣಿ ಪತ್ರದಂಥ ಇನ್ನೊಂದು ಸರ್ಕಾರಿ ಕಾಗದ ತರಬೇಕು. ಗ್ರೀನ್ ಕಾರ್ಡಿನ ನಂಬರ್ ಬರೆಯುವ ಜಾಗವೂ ಇದೆ. ಗಾಂಜಾ ಸೇದುತ್ತೀರಾ ಅನ್ನುವ ಪ್ರಶ್ನೆಯ ಕೆಳಗೆ, ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ದರೂ ಫೆಡರಲ್ ಕಾನೂನಿನಲ್ಲಿ ಇಲ್ಲ ಅಂತ ಎಚ್ಚರಿಕೆ ಅಚ್ಚು ಹಾಕಿದ್ದಾರೆ.

ನಮ್ಮವರಿಗೆ ತೊಡಕು ಹೆಸರಿನದು. ಇನಿಷಿಯಲ್ ಬಿಡಿಸಿದರೆ ಊರು, ಅಪ್ಪಯ್ಯನ ಹೆಸರು, ಆಮೇಲೆ ನಮ್ಮದು. ಪಾಸ್‌ಪೋರ್ಟಿನಲ್ಲಿ ಒಂದು ಕ್ರಮ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು. ಒಂದೇ ಹೆಸರಿನವರಿಗಂತೂ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಕೂತಿರುತ್ತದೆ. ಪಾಸ್‌ಪೋರ್ಟ್, ಲೈಸೆನ್ಸ್, ಗ್ರೀನ್ ಕಾರ್ಡ್ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿಕೊಂಡೇ ಬರೆದೆ. ಅಂಗಡಿಯವರು ಫಾರಮಿನ ವಿವರವನ್ನು ಎಫ್‌ಬಿಐಯ ಹಿನ್ನೆಲೆ ತಪಾಸಣೆ ವ್ಯವಸ್ಥೆಗೆ ಕಳಿಸುತ್ತಾರೆ. 1998ರಿಂದ ಇರುವ ವ್ಯವಸ್ಥೆ ಇದು. ಬರುವ ಉತ್ತರ ಮೂರು ಥರ: ಕೊಡಿ, ತಡೆಯಿರಿ, ಕೊಡಬೇಡಿ. ಎಷ್ಟೋ ಜನರಿಗೆ ಬಿಲ್ ಮಾಡುವಷ್ಟರಲ್ಲಿ ಉತ್ತರ ಬರುತ್ತದೆ. ನನಗೆ ಬಂದದ್ದು ತಡೆಯಿರಿ. ಹೆದರಬೇಕಾದ್ದೇನಿಲ್ಲ, ಕೆಲಸದ ದಿನ ಕೆಲವು ಕಾಯಬೇಕು, ಅಷ್ಟೇ. ಆಮೇಲೆ ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ ಬೆರಳಚ್ಚು ಕೊಟ್ಟು ಎಫ್‌ಬಿಐಯಿಂದ ಒಂದು ಗುರುತಿನ ಸಂಖ್ಯೆ ಪಡೆಯಬಹುದು. ಮುಂದಿನ ಫಾರಮಿನಲ್ಲಿ ಅದನ್ನು ಬರೆದರೆ ನಿಮ್ಮ ಹೆಸರಿನ ಇನ್ನೊಬ್ಬನ ಜೊತೆ ನಿಮ್ಮನ್ನು ಬೆರೆಸುವುದಿಲ್ಲ. ನಾನು ಮಾಡಿಸಿಕೊಂಡಿದ್ದೇನೆ.

ಅದೇ ಫಾರಮಿನಲ್ಲಿ ಇನ್ನೊಂದು ಪ್ರಶ್ನೆ: ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಎಚ್-1ಬಿಯಲ್ಲಿರುವ ಗೆಳೆಯ ಒಬ್ಬ "ಮಾರಾಯ, ನಿನ್ನ ಹೆಸರಲ್ಲಿ ತಗೊಂಡು ಕೊಡು, ದುಡ್ಡು ನಾನೇ ಕೊಡ್ತೀನಿ" ಅಂದ. ಆಗಲ್ಲ ಅಂದೆ. ಅವನಿಗೆ ಬೇಸರವಾಯಿತು. ಹೀಗೆ ಇನ್ನೊಬ್ಬರ ಪರವಾಗಿ ಕೊಳ್ಳುವುದಕ್ಕೆ 2022ರ ಕಾನೂನಿನಲ್ಲಿ 15 ವರ್ಷದವರೆಗೆ ಜೈಲಿದೆ ಅಂತ ತೋರಿಸಿದ ಮೇಲೆ ಬೇಸರವೂ ಹೋಯಿತು.

ಮನೆಗೆ ತಂದ ಮೇಲೆ ಹೆಂಡತಿ ಹಾಕಿದ ಷರತ್ತು ಎರಡು. ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿಯೇ ಇಡಬೇಕು, ಗುಂಡು ಬೇರೆ ಕಡೆ ಇರಬೇಕು. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಡುವುದೇ ಅಪರಾಧ. ಪಿಸ್ತೂಲಿನ ಜೊತೆ ಒಂದು ಬೀಗವನ್ನು ಅಂಗಡಿಯವರು ಕೊಡಲೇಬೇಕು, ಆದರೆ ಆ ತಂತಿ ಬೀಗವೊಂದನ್ನೇ ನಂಬಿ ಕೂರಬೇಡಿ. ಇದಕ್ಕಿಂತ ಜನ ಮರೆಯುವುದು ಸೀಸವನ್ನು. ಒಳಾಂಗಣ ರೇಂಜಿನ ಹೊಗೆಯಲ್ಲಿ ಸೀಸ ಇರುತ್ತದೆ, ಕೈಗೂ ಬಟ್ಟೆಗೂ ಮೆತ್ತಿಕೊಳ್ಳುತ್ತದೆ. ಅಲ್ಲೇ ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯುತ್ತೇನೆ, ರೇಂಜಿನ ಬೂಟು ಗ್ಯಾರೇಜಿನಿಂದ ಒಳಗೆ ಬರುವುದಿಲ್ಲ, ಬಟ್ಟೆ ಬದಲಾಯಿಸದೆ ಮಗಳನ್ನು ಎತ್ತಿಕೊಳ್ಳುವುದಿಲ್ಲ. ಸದ್ದು ತಡೆಯಲು ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮುಚ್ಚಳ, ಎರಡೂ ಹಾಕಿ. ಕುತ್ತಿಗೆ ಮುಚ್ಚುವ ಅಂಗಿ ಹಾಕಿ, ಹೊಡೆದ ಗುಂಡಿನ ಹಾರಿ ಬರುವ ಬಿಸಿ ಖಾಲಿ ಕೋಶ ಕಾಲರಿನೊಳಗೆ ಬಿದ್ದರೆ ಚುರ್ ಅನ್ನುತ್ತದೆ.

ಎರಡನೆಯದನ್ನು ಆರಿಸಿದ್ದು ಹೆಂಡತಿ. ರೇಂಜಿಗೆ "ಸುಮ್ನೆ ನೋಡೋಕೆ" ಅಂತ ಬಂದವಳು ನನಗಿಂತ ಚೆನ್ನಾಗಿ ಹೊಡೆಯತೊಡಗಿದಳು. ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಎಳೆಯುವುದು ಅವಳಿಗೆ ಇಷ್ಟವಿಲ್ಲ. ಹಾಗಾಗಿ ಆ ಕೆಲಸವೇ ಇಲ್ಲದ ಸ್ಮಿತ್ ಅಂಡ್ ವೆಸನ್ 617, .22 ರಿವಾಲ್ವರ್, 10 ಗುಂಡಿನದು, ಭಾರ. ಹಳೆಯದೇ ಕೊಂಡೆವು. ಟೆಕ್ಸಾಸ್‌ನಲ್ಲಿ ಖಾಸಗಿ ವ್ಯವಹಾರಕ್ಕೆ ತಪಾಸಣೆ ಕಡ್ಡಾಯವಲ್ಲ. ಆದರೂ ಮಾರುವವರನ್ನು ಅಂಗಡಿಗೇ ಕರೆದು, ಒಂದಿಷ್ಟು ಶುಲ್ಕ ಕೊಟ್ಟು ಅಲ್ಲಿಂದಲೇ ಕೈ ಬದಲಾಯಿಸಿಕೊಂಡೆವು. ಯಾರ ಬಂದೂಕೋ, ಎಲ್ಲಿಂದ ಬಂದದ್ದೋ ಅನ್ನುವ ಚಿಂತೆ ನನಗೆ ಬೇಡ. ಹಳೆಯ ರಿವಾಲ್ವರಿನಲ್ಲಿ ನೋಡಬೇಕಾದ್ದು, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಹ್ಯಾಮರ್ (ಹಿಂದಿನ ಸುತ್ತಿಗೆ) ಎಳೆದಾಗ ಗುಂಡು ಕೂರುವ ಸಿಲಿಂಡರ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಯೇ, ಅತ್ತಿತ್ತ ಅಲ್ಲಾಡುತ್ತದೆಯೇ ಅಂತ. ನಮ್ಮದು ಗುಂಡು ಕೂರುವ ಪ್ರತಿ ಕೋಣೆಗೂ ಸರಿಯಾಗಿ ಕಚ್ಚಿಕೊಂಡಿತು.

ಈಗ ಇಬ್ಬರೂ ಸ್ಟೀಲ್ ಚಾಲೆಂಜ್ ಪಂದ್ಯಕ್ಕೆ ಹೋಗುತ್ತೇವೆ. ಉಕ್ಕಿನ ತಟ್ಟೆಗೆ ಹೊಡೆದರೆ ಟಣ್ ಅನ್ನುತ್ತದೆ, ಗಡಿಯಾರ ಓಡುತ್ತಿರುತ್ತದೆ. .22 ವಿಭಾಗದಲ್ಲಿ ಸೊಂಟದ ಹೋಲ್‌ಸ್ಟರಿನಿಂದ ತೆಗೆಯುವ ಗೋಜಿಲ್ಲ, ಪಿಸ್ತೂಲನ್ನು ಕೆಳಕ್ಕೆ ಹಿಡಿದು ನಿಂತೇ ಶುರು. ಹಾಗಾಗಿ ಹೋಲ್‌ಸ್ಟರಿಗೆ ಅಂತ ತೆಗೆದಿಟ್ಟಿದ್ದ ದುಡ್ಡೂ ಗುಂಡಿಗೇ ಹೋಯಿತು.