ಸಂಸ್ಥೆಯ ಪ್ರಚಾರದ ಕೆಲಸ ನಿಮ್ಮ ತಲೆಗೆ ಬಿದ್ದಿದೆಯಾ? ಪೋಸ್ಟ್ ಹಾಕುವ ಮುಂಚೆ ಇದನ್ನು ಓದಿ

ಯಾವುದಾದರೂ ಸಣ್ಣ ಸಂಸ್ಥೆಯ ಫೇಸ್‌ಬುಕ್ ಪೇಜ್ ತೆಗೆದು ನೋಡಿ. ವೇದಿಕೆ ಮೇಲೆ ಸಾಲಾಗಿ ನಿಂತ ಹತ್ತು ಜನ, ಹಿಂದೆ ದೊಡ್ಡ ಬ್ಯಾನರ್, ಕೆಳಗೆ "ಕಾರ್ಯಕ್ರಮ ಯಶಸ್ವಿಯಾಗಿ ನಡೆಯಿತು" ಅಂತ ಒಂದು ಸಾಲು. ಹನ್ನೊಂದು ಲೈಕ್. ಅದರಲ್ಲಿ ಒಂಬತ್ತು ಆ ಫೋಟೋದಲ್ಲೇ ನಿಂತಿರುವವರದ್ದು. ಇಂಥ ಪೋಸ್ಟ್‌ಗಳನ್ನು ನಾನೂ ವರ್ಷಗಟ್ಟಲೆ ಹಾಕಿದ್ದೇನೆ, ಹಾಗಾಗಿ ನಗುವ ಹಕ್ಕು ನನಗಿದೆ.

ನಿಮ್ಮ ಸಂಸ್ಥೆಯಲ್ಲಿ ಪ್ರಚಾರಕ್ಕೆ ಅಂತಲೇ ಸಂಬಳದ ಜನ ಇದ್ದರೆ ಈ ಬರಹ ನಿಮಗೆ ಅಷ್ಟಾಗಿ ಬೇಕಾಗಲ್ಲ. "ನಿಂಗೆ ಮೊಬೈಲ್ ಚೆನ್ನಾಗಿ ಬರುತ್ತಲ್ಲ, ನೀನೇ ನೋಡ್ಕೋ" ಅಂತ ಯಾರೋ ಹೇಳಿ, ಬೇರೆ ಹತ್ತು ಕೆಲಸದ ಜೊತೆಗೆ ಇದನ್ನೂ ನಿಮಗೆ ಗಂಟು ಹಾಕಿದ್ದರೆ, ವಾರಕ್ಕೆ ಎರಡು ಮೂರು ಗಂಟೆಗಿಂತ ಜಾಸ್ತಿ ಸಮಯ ಸಿಗುತ್ತಿಲ್ಲ ಅಂತಾದರೆ, ಮುಂದೆ ಓದಿ.

ಮೊದಲು ಒಂದು ವಾಕ್ಯ

ಫೋನ್ ಕೆಳಗಿಡಿ. ಒಂದು ಹಾಳೆ ತಗೊಳ್ಳಿ. "ಇದನ್ನು ನೋಡಿದ ಇಂಥವರು ಇಂಥದ್ದನ್ನು ಮಾಡಬೇಕು" ಅನ್ನುವ ಒಂದೇ ಒಂದು ವಾಕ್ಯ ಬರೆಯಿರಿ. ನಿಮ್ಮದು ಗ್ರಂಥಾಲಯ ಅಂದುಕೊಳ್ಳಿ. "ನಡೆದು ಬರುವಷ್ಟು ದೂರದಲ್ಲಿದ್ದೂ ಇಲ್ಲಿ ಮಕ್ಕಳಿಗೆ ಪುಸ್ತಕ ಉಚಿತ ಅಂತ ಗೊತ್ತಿಲ್ಲದ ಅಪ್ಪ ಅಮ್ಮ, ಈ ಶನಿವಾರ ಮಗುವನ್ನು ಕರೆದುಕೊಂಡು ಬರಬೇಕು." ಇಷ್ಟು ಸ್ಪಷ್ಟವಾಗಿದ್ದರೆ ಎಲ್ಲಿ ಹಾಕಬೇಕು, ಏನು ಬರೆಯಬೇಕು, ಯಾವ ಫೋಟೋ ಬೇಕು ಅನ್ನುವುದಕ್ಕೆಲ್ಲ ಉತ್ತರ ಅದರಲ್ಲೇ ಸಿಗುತ್ತದೆ.

"ನಮ್ಮ ಸಂಸ್ಥೆ ಬಗ್ಗೆ ಎಲ್ಲರಿಗೂ ಗೊತ್ತಾಗಬೇಕು" ಅಂತ ಬರೆದಿದ್ದರೆ ಹಾಳೆ ಹರಿದು ಹಾಕಿ ಇನ್ನೊಂದು ತಗೊಳ್ಳಿ. ಎಲ್ಲರಿಗೂ ಅಂದರೆ ಯಾರಿಗೂ ಅಲ್ಲ. ಗೊತ್ತಾಗಿ ಅವರು ಏನು ಮಾಡಬೇಕು ಅನ್ನುವುದೂ ಅದರಲ್ಲಿಲ್ಲ. ಸಮಿತಿಯ ಹಿರಿಯರು ಒಪ್ಪಲ್ಲ, ಅವರಿಗೆ ಎಲ್ಲರೂ ಬೇಕು. ಅವರ ಹತ್ತಿರ ವಾದಕ್ಕೆ ಹೋಗಬೇಡಿ, ಮೂರು ತಿಂಗಳ ಮಟ್ಟಿಗೆ ಇದೊಂದನ್ನು ಮಾಡಿ ನೋಡೋಣ ಅಂತ ಕೇಳಿಕೊಳ್ಳಿ.

ಎಲ್ಲಿ ಹಾಕೋದು, ಕೀಲಿ ಯಾರ ಹತ್ತಿರ

ಎಲ್ಲ ಕಡೆ ಅಕೌಂಟ್ ತೆರೆಯುವ ಆಸೆ ಬರುತ್ತದೆ. ಬೇಡ. ಒಂದು, ಹೆಚ್ಚೆಂದರೆ ಎರಡು ಸಾಕು. ಪೋಷಕರು ಬೇಕಿದ್ದರೆ ವಾಟ್ಸಾಪ್, ಕಾಲೇಜು ಹುಡುಗರು ಬೇಕಿದ್ದರೆ ಇನ್‌ಸ್ಟಾಗ್ರಾಮ್, ಕಂಪನಿಗಳ ನೆರವು ಬೇಕಿದ್ದರೆ ಲಿಂಕ್ಡ್‌ಇನ್. ಎರಡು ವರ್ಷದಿಂದ ಏನೂ ಹಾಕದ ಪೇಜ್ ನೋಡಿದವರು ಸಂಸ್ಥೆಯೇ ಮುಚ್ಚಿಹೋಗಿದೆ ಅಂದುಕೊಳ್ಳುತ್ತಾರೆ.

ಫೇಸ್‌ಬುಕ್‌ನಲ್ಲಿ ಸಂಸ್ಥೆಯ ಹೆಸರಲ್ಲಿ ಮಾಮೂಲಿ ಅಕೌಂಟ್ ತೆರೆದು ಎಲ್ಲರಿಗೂ ಫ್ರೆಂಡ್ ರಿಕ್ವೆಸ್ಟ್ ಕಳಿಸುವವರು ಇನ್ನೂ ಇದ್ದಾರೆ. ಅದು ನಿಯಮಕ್ಕೆ ವಿರುದ್ಧ, ಜೊತೆಗೆ 5,000 ಫ್ರೆಂಡ್ಸ್‌ಗೆ ನಿಂತುಬಿಡುತ್ತದೆ. ಪೇಜ್ ತೆರೆಯಿರಿ. ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ) ಮಾಡಿದರೆ ಒಂದು ಲಿಸ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. "ಕಳಿಸಿದ್ದೆ, ಬಂದಿಲ್ವಾ?" ಅನ್ನುವ ಎಷ್ಟೋ ಜಗಳದ ಮೂಲ ಇದೇ. ಗ್ರೂಪಿಗೆ 1,024 ಜನ ಹಿಡಿಸುತ್ತಾರೆ, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಬೆಳಗಾದರೆ ಗುಡ್ ಮಾರ್ನಿಂಗ್ ಬೇರೆ. 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್‌ನಲ್ಲಿ ಈ ಎರಡೂ ತಲೆನೋವಿಲ್ಲ. ಸೇರಿದವರ ನಂಬರ್ ಒಬ್ಬರದ್ದು ಇನ್ನೊಬ್ಬರಿಗೆ ಕಾಣಲ್ಲ, ಮಾತಾಡುವುದು ನೀವು ಮಾತ್ರ.

ಇವುಗಳ ಜೊತೆಗೆ ನಿಮ್ಮದೇ ಅಂತ ಒಂದು ಜಾಗ ಇರಲೇಬೇಕು. ಒಂದೇ ಪುಟದ ವೆಬ್‌ಸೈಟ್ ಆದರೂ ಸರಿ, ಜನ ತಾವಾಗಿ ಕೊಟ್ಟ ಇಮೇಲ್‌ಗಳ ಪಟ್ಟಿ ಆದರೂ ಸರಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಹೆಚ್ಚುಕಡಿಮೆ ಆರು ಗಂಟೆ ಒಟ್ಟಿಗೆ ಕೈಕೊಟ್ಟವು. ಮರುದಿನ ಬೆಳಗ್ಗೆ ಕಾರ್ಯಕ್ರಮ ಇಟ್ಟುಕೊಂಡು, ಆ ರಾತ್ರಿ ಜನರ ಜೊತೆ ಮಾತಾಡಲು ಆ ಮೂರನ್ನೇ ನಂಬಿದ್ದವರ ಪಾಡು ಯೋಚಿಸಿ.

ಇನ್ನು ಪಾಸ್‌ವರ್ಡ್. ನಾನು ಕೆಲಸ ಮಾಡಿದ ಒಂದು ಸಂಸ್ಥೆಯ ಪೇಜನ್ನು ಉತ್ಸಾಹಿ ಸ್ವಯಂಸೇವಕನೊಬ್ಬ ತನ್ನ ಅಕೌಂಟಿನಿಂದಲೇ ತೆರೆದಿದ್ದ. ಒಳ್ಳೆಯ ಹುಡುಗ, ಒಳ್ಳೆಯ ಕೆಲಸವನ್ನೂ ಮಾಡಿದ. ಆಮೇಲೆ ಬೇರೆ ಊರಿಗೆ ಹೋದ, ನಂಬರ್ ಬದಲಾಯಿತು, ಆ ಅಕೌಂಟೇ ಕೈತಪ್ಪಿ ಹೋಯಿತು, ನಾಲ್ಕು ವರ್ಷದ ಫೋಟೋ ಮತ್ತು ಜನ ಎಲ್ಲ ಅಲ್ಲೇ ಉಳಿದರು. ನಾವು ಹೊಸ ಪೇಜ್ ಶುರು ಮಾಡಿದೆವು. ಹಳೆಯದು ಈಗಲೂ ಹುಡುಕಿದರೆ ಮೊದಲು ಬರುತ್ತದೆ, ಅದರಲ್ಲಿರುವುದು ನಾವು ಬಿಟ್ಟು ಬಂದ ಕಟ್ಟಡದ ವಿಳಾಸ! ಹಾಗಾಗಿ ಇವತ್ತೇ ಮಾಡಿ: ಪ್ರತಿ ಪೇಜಿಗೂ ಕನಿಷ್ಠ ಇಬ್ಬರು ಅಡ್ಮಿನ್ ಇರಲಿ, ಎಲ್ಲ ಅಕೌಂಟೂ ಸಂಸ್ಥೆಯ ಇಮೇಲ್‌ಗೆ ಜೋಡಿಸಿರಲಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೂಡ ಕೇಳುವುದು) ಆನ್ ಆಗಿರಲಿ, ಯಾರಾದರೂ ಸಂಸ್ಥೆ ಬಿಟ್ಟರೆ ಬೀಳ್ಕೊಡುಗೆ ಮುಗಿದ ದಿನವೇ ಅವರ ಹೆಸರು ತೆಗೆಯಿರಿ.

ಏನು ಬರೆಯೋದು

"ಯಶಸ್ವಿಯಾಗಿ", "ಅದ್ದೂರಿಯಾಗಿ", "ಗಣ್ಯರು" ಈ ಮೂರು ಪದಗಳನ್ನು ಮೊದಲು ತೆಗೆಯಿರಿ. ತೆಗೆದ ಮೇಲೆ ಉಳಿಯುವುದೇನು ಅಂತ ನೋಡಿ. ಎಷ್ಟೋ ಸಲ ಏನೂ ಉಳಿಯಲ್ಲ, ಹೇಳೋಕೆ ಇದ್ದದ್ದೇ ಅಷ್ಟು ಅಂತ ಆಗ ಗೊತ್ತಾಗುತ್ತದೆ.

"ನಮ್ಮ ಗ್ರಂಥಾಲಯದಲ್ಲಿ ಓದುವ ಅಭಿಯಾನಕ್ಕೆ ಚಾಲನೆ ನೀಡಲಾಯಿತು" ಅಂತ ಬರೆಯುವ ಬದಲು ಹೀಗೆ ಬರೆದು ನೋಡಿ: "ಏಳು ವರ್ಷದ ಹುಡುಗಿಯೊಬ್ಬಳು ಹೋದ ಶನಿವಾರ ಡೈನೋಸಾರ್ ಪುಸ್ತಕ ಮೂರನೇ ಸಲ ತಗೊಂಡು ಹೋದಳು. ಅದೇ ಥರದ ಇನ್ನೂ ಹತ್ತು ಪುಸ್ತಕ ಈ ವಾರ ಬಂದಿವೆ. ನಿಮ್ಮ ಮಗುವನ್ನೂ ಕರೆತನ್ನಿ. ಶನಿವಾರ ಬೆಳಗ್ಗೆ 10ರಿಂದ, ದುಡ್ಡು ಬೇಡ, ಕಾರ್ಡ್ ಅಲ್ಲೇ ಮಾಡಿಕೊಡುತ್ತೇವೆ." ಒಬ್ಬ ಮನುಷ್ಯ, ಒಂದು ವಸ್ತು, ಒಂದು ದಿನ, ಒಂದು ಕೆಲಸ. ಅಷ್ಟೇ.

ಪೋಸ್ಟರ್ ವಿಷಯದಲ್ಲಿ ಒಂದು ಮಾತು. ದಿನಾಂಕ, ಜಾಗ, ಫೋನ್ ನಂಬರ್ ಎಲ್ಲವನ್ನೂ ಚಿತ್ರದೊಳಗೇ ತುಂಬಿ, ಕೆಳಗೆ "ಎಲ್ಲರೂ ಬನ್ನಿ" ಅಂತ ಮಾತ್ರ ಬರೆಯುವುದು ದೊಡ್ಡ ತಪ್ಪು. ಚಿತ್ರದಲ್ಲಿರುವ ನಂಬರನ್ನು ಒತ್ತಿ ಕರೆ ಮಾಡೋಕಾಗಲ್ಲ, ಕಾಪಿ ಮಾಡೋದೂ ಕಷ್ಟ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೂ ಅದು ಸರಿಯಾಗಿ ಸಿಗಲ್ಲ. ಅದೇ ವಿವರವನ್ನು ಅಕ್ಷರದಲ್ಲೂ ಹಾಕಿ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯಲ್ಲ, ಬಯೋದಲ್ಲಿ, ಅಂದರೆ ಪ್ರೊಫೈಲಿನ ಪರಿಚಯದ ಜಾಗದಲ್ಲಿ, ಹಾಕಿ "ಲಿಂಕ್ ಬಯೋದಲ್ಲಿದೆ" ಅನ್ನಿ.

ವಿಡಿಯೋ ಆದರೆ ಫೋನ್ ಅಡ್ಡ ಹಿಡಿಯದೆ ನೆಟ್ಟಗೆ ಹಿಡಿದು ತೆಗೆಯಿರಿ. ಮೊದಲ ಎರಡು ಸೆಕೆಂಡಿನಲ್ಲೇ ಮುಖ ಅಥವಾ ಕೆಲಸ ಕಾಣಲಿ, ಸಂಸ್ಥೆಯ ಲೋಗೋ ಗಿರಗಿರ ತಿರುಗುವುದನ್ನು ಯಾರೂ ಕಾಯಲ್ಲ. ಬಸ್ಸಲ್ಲಿ, ಆಫೀಸಲ್ಲಿ ಸದ್ದು ಮಾಡದೆ ನೋಡುವವರು ಬಹಳ, ಮಾತನ್ನು ಅಕ್ಷರದಲ್ಲೂ ತೋರಿಸಿ. ಮಕ್ಕಳದ್ದು, ರೋಗಿಗಳದ್ದು, ಕಷ್ಟದಲ್ಲಿ ನೆರವು ಪಡೆದವರದ್ದು ಮುಖ ತೋರಿಸುವ ಮುಂಚೆ ಒಪ್ಪಿಗೆ ಕೇಳಿ, ಮಕ್ಕಳಾದರೆ ಪೋಷಕರದ್ದು, ಸಾಧ್ಯವಾದರೆ ಬರವಣಿಗೆಯಲ್ಲಿ. ಇಲ್ಲ ಅಂದರೆ ಕೈ ತೋರಿಸಿ, ಬೆನ್ನು ತೋರಿಸಿ. ಎಷ್ಟೋ ಸಲ ಅದೇ ಫೋಟೋ ಚೆನ್ನಾಗಿರುತ್ತದೆ.

"ಏನಾದರೂ ವೈರಲ್ ಆಗೋ ಥರದ್ದು ಮಾಡೋಣ" ಅಂತ ಸಭೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಉದಾಹರಣೆಗೆ 2014ರ ಐಸ್ ಬಕೆಟ್ ಚಾಲೆಂಜ್ ಬರುತ್ತದೆ. ನರಗಳ ಕಾಯಿಲೆಯಾದ ಎಎಲ್‌ಎಸ್ ಹೆಸರಲ್ಲಿ ಜನ ತಲೆ ಮೇಲೆ ಐಸ್ ನೀರು ಸುರಿದುಕೊಂಡರು. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ ಒಂದಕ್ಕೇ 11.5 ಕೋಟಿ ಡಾಲರ್ ಬಂತು. ಆದರೆ ಅದು ಆ ಸಂಸ್ಥೆ ಕೂತು ಹಾಕಿದ ಯೋಜನೆ ಅಲ್ಲ. ಅದಕ್ಕೆ ಜೋರು ಕೊಟ್ಟದ್ದು ಆ ಕಾಯಿಲೆ ಇದ್ದವರು ಮತ್ತು ಅವರ ಮನೆಯವರು, ಗೆಳೆಯರು. ಅದರಿಂದ ನಾವು ಕದಿಯಬಹುದಾದದ್ದು ಒಂದೇ: ಪ್ರತಿಯೊಬ್ಬರೂ ಮುಂದಿನವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, 24 ಗಂಟೆ ಗಡುವು ಕೊಡುತ್ತಿದ್ದರು. "ಎಲ್ಲರೂ ಬನ್ನಿ" ಅಂದರೆ ಕದಲದವರು, ಹೆಸರು ಹಿಡಿದು ಕರೆದರೆ ಬರುತ್ತಾರೆ.

ವಾರಕ್ಕೆ ಎರಡು ಪೋಸ್ಟ್ ಸಾಕು, ತಪ್ಪಿಸಬೇಡಿ.

ಪತ್ರಿಕೆಯವರ ಹತ್ತಿರ ಹೋಗುವುದು

1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಕಂಪನಿಯ ಪರ ಕೆಲಸ ಮಾಡುತ್ತಿದ್ದ ಐವಿ ಲೀ ಸುದ್ದಿ ಮುಚ್ಚಿಡುವ ಬದಲು ನಡೆದದ್ದನ್ನು ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಮೊದಲ ಪ್ರೆಸ್ ನೋಟ್ ಅಂತ ಸಾಮಾನ್ಯವಾಗಿ ಹೇಳುವುದು ಅದನ್ನೇ. ಪ್ರೆಸ್ ನೋಟ್ ಹುಟ್ಟಿದ್ದು ಹೊಗಳಿಕೆಗಲ್ಲ, ವರದಿಗಾರರಿಗೆ ಬೇಕಾದ ಮಾಹಿತಿ ಬೇಗ ಕೊಡೋಕೆ. ನಿಮ್ಮದೂ ಹಾಗೇ ಇರಲಿ.

ಒಂದು ಪುಟ. ತಲೆಬರಹದಲ್ಲೇ ಸುದ್ದಿ. ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ. ಪುಟದಲ್ಲಿ ಜಾಗ ಕಮ್ಮಿಯಾದಾಗ ಸುದ್ದಿಯನ್ನು ಕೆಳಗಿಂದ ಕತ್ತರಿಸುತ್ತಾರೆ, ಅಧ್ಯಕ್ಷರ ಹೆಸರು ಮೇಲಿದ್ದು ದಿನಾಂಕ ಕೊನೆಗಿದ್ದರೆ ದಿನಾಂಕವೇ ಹೋಗುತ್ತದೆ. ಯಾರದ್ದಾದರೂ ಮಾತು ಹಾಕುವುದಾದರೆ ಬಾಯಿಂದ ಬರುವಂಥ ಮಾತು ಹಾಕಿ, "ಈ ಸಂದರ್ಭದಲ್ಲಿ ಹರ್ಷ ವ್ಯಕ್ತಪಡಿಸುತ್ತಾ" ಬೇಡ. ಕೊನೆಗೆ ಒಂದು ಫೋನ್ ನಂಬರ್, ಎತ್ತುವವರದ್ದು.

ಕಳಿಸುವಾಗ ಪಠ್ಯವನ್ನು ಇಮೇಲ್ ಒಳಗೇ ಅಂಟಿಸಿ, ಎಲ್ಲ ಕಂಪ್ಯೂಟರಲ್ಲೂ ಓದೋಕೆ ಬರುವ ಯೂನಿಕೋಡ್‌ ಅಕ್ಷರದಲ್ಲೇ ಇರಲಿ. ಹಳೆಯ ಫಾಂಟಲ್ಲಿ ಟೈಪ್ ಮಾಡಿದರೆ ಆ ಕಡೆ ಚಿತ್ರವಿಚಿತ್ರ ಚಿಹ್ನೆಗಳು ಕಾಣಿಸುತ್ತವೆ. ಪ್ರೆಸ್ ನೋಟಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಅವರು ಮತ್ತೆ ಟೈಪ್ ಮಾಡಬೇಕು, ಮಾಡಲ್ಲ. ಫೋಟೋಗಳನ್ನು ಮಾತ್ರ ಬೇರೆಯಾಗಿ ಲಗತ್ತಿಸಿ, ಯಾರು ಎಲ್ಲಿ ನಿಂತಿದ್ದಾರೆ ಅಂತ ಎಡದಿಂದ ಬರೆಯಿರಿ. ನೂರು ವಿಳಾಸಕ್ಕೆ ಒಟ್ಟಿಗೆ ಕಳಿಸುವುದಕ್ಕಿಂತ, ಈ ವಿಷಯ ಬರೆಯುವ ಐದು ಜನರನ್ನು ಹುಡುಕಿ ಒಬ್ಬೊಬ್ಬರಿಗೂ ಎರಡು ಸಾಲು ಬೇರೆ ಬರೆದು ಕಳಿಸುವುದು ಮೇಲು. ಅವರು ಈಚೆಗೆ ಬರೆದದ್ದನ್ನು ಓದಿರಿ, ಸುಮ್ನೆ ಓದಿದೆ ಅಂತ ಹೇಳಬೇಡಿ, ಸಿಕ್ಕಿಬೀಳುತ್ತೀರಿ.

ಫೋನ್ ಬೆಳಗ್ಗೆ ಮಾಡಿ. ಸಂಜೆ ಪುಟ ಕಟ್ಟುವ ಹೊತ್ತಲ್ಲಿ ಕರೆ ಮಾಡಿ "ನಮ್ಮ ನೋಟ್ ನೋಡಿದ್ರಾ?" ಅಂದರೆ ಬೈಸಿಕೊಳ್ಳುತ್ತೀರಿ, ಬೈದರೆ ತಪ್ಪಲ್ಲ. ಪ್ರಕಟ ಆಗುವ ಮುಂಚೆ ತೋರಿಸಿ ಅಂತ ಕೇಳಬೇಡಿ. ನಿಮ್ಮ ಮಾತು ನಿಮ್ಮ ಕೈಯಲ್ಲೇ ಇರಬೇಕು ಅಂದರೆ ಜಾಹೀರಾತು ಕೊಡಿ. ಸುದ್ದಿ ಅವರದ್ದು. ಬರದಿದ್ದರೆ ಮುನಿಸು ಬೇಡ, ಮುಂದಿನ ತಿಂಗಳು ಇನ್ನೂ ಒಳ್ಳೆಯ ಸುದ್ದಿ ಹಿಡಿದು ಹೋಗಿ.

ಎಡವಟ್ಟಾದಾಗ

ಒಂದಲ್ಲ ಒಂದು ದಿನ ಯಾರೋ ನಿಮ್ಮ ಪೇಜಲ್ಲಿ ಬಂದು ಕೂಗಾಡುತ್ತಾರೆ. ಮೊದಲು ಕೈ ಹೋಗುವುದು ಡಿಲೀಟ್ ಮೇಲೆ. ಬೈಗುಳ, ಬೆದರಿಕೆ, ಬೇರೆಯವರ ಖಾಸಗಿ ವಿವರ ಇದ್ದರೆ ತೆಗೆಯಿರಿ. ದೂರು ಇದ್ದರೆ ಬಿಡಿ. ಅಳಿಸುವಷ್ಟರಲ್ಲಿ ಸ್ಕ್ರೀನ್‌ಶಾಟ್ ಆಗಿರುತ್ತದೆ, ಆಮೇಲೆ ದೂರಿಗಿಂತ ಅಳಿಸಿದ್ದೇ ಸುದ್ದಿ. ಎಲ್ಲರಿಗೂ ಕಾಣುವಂತೆ ಅಲ್ಲೇ ಒಂದು ಉತ್ತರ ಕೊಡಿ: ನಮಗೆ ಈಗ ಗೊತ್ತಿರುವುದು ಇಷ್ಟು, ನಾವು ಮಾಡುತ್ತಿರುವುದು ಇದು, ನಾಳೆ ಇಷ್ಟು ಹೊತ್ತಿಗೆ ಮತ್ತೆ ಹೇಳುತ್ತೇವೆ. ನಾಳೆ ಅಂದಮೇಲೆ ನಾಳೆ ಹೇಳಬೇಕು, ಹೊಸದೇನೂ ಇಲ್ಲದಿದ್ದರೂ. ಉಳಿದ ಮಾತುಕತೆ ಫೋನಲ್ಲಿ ಆಗಲಿ.

ದೊಡ್ಡ ಮಟ್ಟದಲ್ಲಿ ಹೀಗೆ ನಡೆದುಕೊಂಡದ್ದಕ್ಕೆ ಇವತ್ತಿಗೂ ಕೊಡುವ ಉದಾಹರಣೆ 1982ರ ಟೈಲೆನಾಲ್ ಅನ್ನುವ ನೋವಿನ ಮಾತ್ರೆಯ ಪ್ರಕರಣ. ಶಿಕಾಗೋ ಸುತ್ತಮುತ್ತ ಯಾರೋ ಆ ಮಾತ್ರೆಗಳಲ್ಲಿ ಸಯನೈಡ್ ಸೇರಿಸಿ ಏಳು ಜನ ಸತ್ತಾಗ, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ಅಂಗಡಿಗಳಿಂದ ವಾಪಸ್ ತರಿಸಿತು, ಆಮೇಲೆ ಯಾರಾದರೂ ತೆರೆದಿದ್ದರೆ ಗೊತ್ತಾಗುವಂಥ ಮುಚ್ಚಳ ಹಾಕಿ ಮತ್ತೆ ಬಂತು. ಜನ ನಂಬಿದ್ದು ಬರೀ ಹೇಳಿಕೆಯನ್ನಲ್ಲ, ಬಾಟಲಿ ವಾಪಸ್ ತರಿಸಿದ್ದನ್ನು. ಹಾಗಾಗಿ ಎಡವಟ್ಟಾದ ದಿನ ಹೇಳಿಕೆಯ ಪದ ತಿದ್ದುತ್ತಾ ಕೂರುವ ಬದಲು, ಮೊದಲು ಏನು ಸರಿಮಾಡುತ್ತೀರಿ ಅಂತ ತೀರ್ಮಾನ ಮಾಡಿ. ಮಾತಾಡುವವರು ಒಬ್ಬರೇ ಇರಲಿ, ಅವರು ಯಾರು ಅಂತ ಇವತ್ತೇ ಗೊತ್ತಿರಲಿ.

ಲೆಕ್ಕ

ಫಾಲೋವರ್ಸ್ ಕೊಳ್ಳಬೇಡಿ. ಕೊಂಡವರು ಶನಿವಾರ ಮಗುವನ್ನು ಕರೆದುಕೊಂಡು ಬರಲ್ಲ. 2018ರ ಜುಲೈನಲ್ಲಿ ಟ್ವಿಟರ್, ಅನುಮಾನದ ಮೇಲೆ ಲಾಕ್ ಮಾಡಿದ್ದ ಅಕೌಂಟ್‌ಗಳನ್ನು ಲೆಕ್ಕದಿಂದ ತೆಗೆದಾಗ ದೊಡ್ಡದೊಡ್ಡವರ ಸಂಖ್ಯೆಯೂ ರಾತ್ರೋರಾತ್ರಿ ಇಳಿಯಿತು. ಜಾಹೀರಾತಿಗೆ ಸ್ವಲ್ಪ ದುಡ್ಡಿದ್ದರೆ, ತಾನಾಗೇ ಚೆನ್ನಾಗಿ ಓಡುತ್ತಿರುವ ಪೋಸ್ಟಿಗೆ ಹಾಕಿ. ಬಿದ್ದುಹೋದದ್ದನ್ನು ದುಡ್ಡು ಕೊಟ್ಟು ಎಬ್ಬಿಸೋಕೆ ಹೋಗಬೇಡಿ.

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಡಿ. ಬಂದವರನ್ನೆಲ್ಲ "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆದುಕೊಳ್ಳಿ. ಮೂರು ತಿಂಗಳಾದ ಮೇಲೆ ಎಣಿಸಿ. ನಾವು ಎಣಿಸಿದಾಗ ರೀಲ್ಸ್ ನೋಡಿ ಬಂದವರು ನಾಲ್ಕೇ ಜನ, ಎಲ್ಲಕ್ಕಿಂತ ಜಾಸ್ತಿ ಇದ್ದದ್ದು "ಯಾರೋ ವಾಟ್ಸಾಪಲ್ಲಿ ಕಳಿಸಿದ್ರು" ಅನ್ನುವ ಉತ್ತರ. ಅವತ್ತಿಂದ ರೀಲ್ಸ್‌ಗೆ ಹಾಡು ಹುಡುಕುವುದನ್ನು ಬಿಟ್ಟೆವು. ಪ್ರತಿ ಸಂದೇಶವನ್ನೂ ಹಾಗೇ ಮುಂದೆ ಕಳಿಸಬಹುದಾದಷ್ಟು ಚಿಕ್ಕದಾಗಿ ಬರೆದು, ಕೊನೆಗೆ "ಚಿಕ್ಕ ಮಕ್ಕಳಿರುವ ಒಬ್ಬ ಗೆಳೆಯರಿಗೆ ಇದನ್ನು ಕಳಿಸಿ" ಅಂತ ಸೇರಿಸತೊಡಗಿದೆವು.